ತ್ವೇರ್‌ನಲ್ಲಿ ನಾನು ನೋಡದೇ ಬಂದದ್ದು

ಶಹನಾ, ನಾನು ಆ ಕಾಲೇಜನ್ನು ನೋಡಿಲ್ಲ. ಹಾಸ್ಟೆಲನ್ನೂ ನೋಡಿಲ್ಲ. ಅದರ ಗೇಟಿನವರೆಗೂ ಹೋಗಿಲ್ಲ. ಎರಡು ವರ್ಷದ ಹಿಂದೆ ನಿಮ್ಮ ಮನೆಯ ಸೋಫಾದಲ್ಲಿ ಕೂತು, ನಿನ್ನ ಅಪ್ಪನ ಮುಖ ನೋಡಿಕೊಂಡು, ‘ನಾನೇ ಕಣ್ಣಾರೆ ನೋಡಿದೆ, ಬೇಡ’ ಎಂದೆನಲ್ಲ — ಆ ಮಾತಿನಲ್ಲಿ ನಿಜವಾದ ಪದ ಒಂದೂ ಇರಲಿಲ್ಲ.

ಇದನ್ನು ಓದಿದ ಕೂಡಲೇ ನೀನು ಕೇಳುವ ಪ್ರಶ್ನೆ ನನಗೆ ಗೊತ್ತು. ಅದನ್ನು ಕೇಳಲು ಕಲಿಸಿದವಳು ನಾನೇ. ‘ಹಾಗಾದರೆ ಆ ದಿನ ನೀವು ಎಲ್ಲಿದ್ದಿರಿ?’ ನಾನು ಆ ಊರಿನಲ್ಲೇ ಇದ್ದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಮತ್ತು — ಇದು ನನ್ನ ಎರಡನೆಯ ತಪ್ಪೊಪ್ಪಿಗೆ — ನನ್ನ ಇಪ್ಪತ್ತಾರು ವರ್ಷದಲ್ಲಿ ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ. ಆ ಸಂತೋಷವನ್ನು ನಿನ್ನೆಯವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಹೇಳಿದ್ದರೆ ನನ್ನ ‘ಬೇಡ’ ಅಲ್ಲೇ ಬಿದ್ದುಹೋಗುತ್ತಿತ್ತು.

ನೀನು ಕನ್ನಡ ಓದುವುದು ನಿಧಾನ, ಗೊತ್ತು. ಆದರೂ ಕನ್ನಡದಲ್ಲೇ ಬರೆಯುತ್ತೇನೆ. ವಾದ ಮಾಡಲು ನಾನು ಕಲಿತದ್ದು ಇಂಗ್ಲಿಷಿನಲ್ಲಿ. ಆ ಭಾಷೆಗೆ ಕೈ ಹಾಕಿದರೆ ಮೂರನೆಯ ವಾಕ್ಯಕ್ಕೇ ನನ್ನನ್ನು ನಾನು ಸಮರ್ಥಿಸಿಕೊಳ್ಳಲು ಶುರುಮಾಡುತ್ತೇನೆ. ನೀನು ಓದಿದ ಮೇಲೆ ಬೇರೆಯವರೂ ಇದನ್ನು ಓದಬೇಕಾದೀತು, ಹಾಗಾಗಿ ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮಸ್ಕತ್ತಿನ ವಾದಿ ಅದಾಯ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ನಾವು ಮೂರನೆಯ ಮಹಡಿ, ನೀವು ಎರಡನೆಯದು. ಕೆಳಗೆ ಗ್ಯಾರೇಜುಗಳ ಸಾಲಿನಲ್ಲಿ ನಿನ್ನ ಅಪ್ಪ ಹಮೀದಾಕರ ಕಾರ್ ಸೀಟ್ ಕವರ್ ಅಂಗಡಿ. ನಮ್ಮ ಮನೆಯೊಳಗೆ ತುಳು, ನಿಮ್ಮ ಮನೆಯೊಳಗೆ ಬ್ಯಾರಿ, ಮೆಟ್ಟಿಲ ಮೇಲೆ ಕನ್ನಡ. ನಾನು ಶಾಲೆ ಬಿಟ್ಟು ಎಷ್ಟೋ ವರ್ಷದ ಮೇಲೆ ನೀನು ಅದೇ ಶಾಲೆಯ ಚರ್ಚಾ ತಂಡ ಸೇರಿದೆ, ವಾರಕ್ಕೆ ಎರಡು ಸಂಜೆ ನಮ್ಮ ಮನೆಗೆ ಬಂದು ಅಭ್ಯಾಸ ಮಾಡಿದೆ. ಚೀಟಿ ಎತ್ತುವುದು, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಯಾವುದು ಬಂದರೂ ಗೆಲ್ಲಬೇಕು. ಆದರೆ ಪುರಾವೆ ಇಲ್ಲದ ಒಂದು ವಾಕ್ಯವೂ ಬಾಯಿಂದ ಬರಬಾರದು — ಇದು ನನ್ನ ನಿಯಮ. ಜಾತಕ, ದೃಷ್ಟಿ ತೆಗೆಯುವುದು, ಫೋನಿನಲ್ಲಿ ಬರುವ ಮನೆಮದ್ದು, ಎಲ್ಲರ ಎದುರೂ ನನ್ನದು ಒಂದೇ ಪ್ರಶ್ನೆ: ನೀವು ನೋಡಿದ್ದೀರಾ? ನನ್ನ ಅಮ್ಮ ನಿಮ್ಮ ಉಮ್ಮನ ಹತ್ತಿರ ಹೇಳುತ್ತಿದ್ದಳಲ್ಲ, ‘ಸಾರಿಗೆ ಉಪ್ಪು ಹಾಕಿದ್ದೇನೆ ಅಂದ್ರೂ ಇವಳಿಗೆ ಸಾಕ್ಷಿ ಬೇಕು’ ಎಂದು.

ನನ್ನ ಕೆಲಸವೂ ಅದೇ. ರುಸೈಲ್‌ನ ಕೈಗಾರಿಕಾ ಪ್ರದೇಶದ ಪ್ಲಾಸ್ಟಿಕ್ ಪೈಪ್ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವಳು. ನೀರು ತುಂಬಿಸಿ, ಒತ್ತಡ ಕೊಟ್ಟು ನೋಡದೆ ಯಾವ ಪೈಪಿನ ಮೇಲೂ ‘ಪಾಸ್’ ಎಂದು ಬರೆಯುವುದಿಲ್ಲ. ಒಮ್ಮೆ ಮ್ಯಾನೇಜರ್ ‘ಯಲ್ಲಾ, ಲಾರಿ ಕಾಯ್ತಿದೆ, ಸಹಿ ಹಾಕು’ ಎಂದಾಗ ಪೆನ್ನು ಅವರ ಮೇಜಿನ ಮೇಲಿಟ್ಟು ‘ನೀವೇ ಹಾಕಿ’ ಎಂದವಳು. ಆ ಕಥೆಯನ್ನು ನಿನಗೆ ಎಷ್ಟು ಸಲ ಹೇಳಿದ್ದೆ —

ಹೊರಗಿನವರಿಗೆ ಅರ್ಥವಾಗದ ಒಂದು ಪದ್ಧತಿ ನಮ್ಮಲ್ಲಿದೆ. ಇಲ್ಲಿಂದ ಎಲ್ಲಿಗಾದರೂ ಹೊರಟವರು ಬರೀ ಹೋಗಿ ಬರುವುದಿಲ್ಲ. ಯಾರದ್ದೋ ಮಗಳಿಗೆ ಬಂದ ಸಂಬಂಧದ ಹುಡುಗ, ಯಾರೋ ಬುಕ್ ಮಾಡಿದ ಫ್ಲ್ಯಾಟಿನ ಬಾಲ್ಕನಿ, ಯಾರದ್ದೋ ಮಂಡಿನೋವಿಗೆ ಹೇಳಿದ ಡಾಕ್ಟರು — ಇದನ್ನೆಲ್ಲ ‘ಒಮ್ಮೆ ನೋಡಿ ಬಂದು ಹೇಳಬೇಕು’. ರಜೆ ಸಿಗದವರ ಕಣ್ಣು ಹೊರಟವರ ಮುಖದಲ್ಲಿರುತ್ತದೆ. ನೋಡಿ ಬಂದವರ ಮಾತನ್ನು ಯಾರೂ ತಿರುಗಿಸುವುದಿಲ್ಲ. ಅದು ಕೊನೆಯ ಮಾತು.

ಆ ವರ್ಷ ಬಕ್ರೀದ್ ರಜೆಯಲ್ಲಿ ನಾನು ಆಫೀಸಿನ ಇಬ್ಬರು ಗೆಳತಿಯರ ಜತೆ ರಷ್ಯಾಕ್ಕೆ ಹೊರಟೆ. ಮಾಸ್ಕೋದಲ್ಲಿ ಮೂರು ದಿನ, ಪೀಟರ್ಸ್‌ಬರ್ಗ್‌ನಲ್ಲಿ ಮೂರು ದಿನ, ನಡುವೆ ರೈಲು. ಆ ಎರಡರ ಮಧ್ಯದ ಹಳೆಯ ಪಟ್ಟಣ ತ್ವೇರ್. ನಿನಗೆ ವೈದ್ಯಕೀಯ ಸೀಟು ಸಿಗುವ ಹಾಗಿದ್ದದ್ದು ಅಲ್ಲೇ. ಊರಿನಲ್ಲಿ ಸರಕಾರಿ ಸೀಟಿಗೆ ನಿನ್ನ ಅಂಕ ಸ್ವಲ್ಪದರಲ್ಲಿ ತಪ್ಪಿತ್ತು, ಖಾಸಗಿಯದ್ದು ನಿಮ್ಮ ಕೈಗೆ ಎಟಕುವಂಥದ್ದಲ್ಲ. ಏಜೆಂಟ್ ಒಂದು ತಿಂಗಳ ಗಡುವು ಕೊಟ್ಟಿದ್ದ.

ಹಮೀದಾಕ ಅಂಗಡಿಯ ಎದುರು ನನ್ನನ್ನು ನಿಲ್ಲಿಸಿದರು. ‘ಏಜೆಂಟ್ ಚಂದ ಚಂದ ಫೋಟೋ ತೋರಿಸ್ತಾನೆ ಮಾರಾಯ್ತಿ. ಫೋಟೋದಲ್ಲಿ ನನ್ನ ಅಂಗಡಿ ಸಹ ಶೋರೂಂ ಹಾಗೆ ಕಾಣ್ತದೆ. ನೀನು ಹೋಗಿ ನೋಡು. ನೀನು ಸುಲಭದಲ್ಲಿ ಒಪ್ಪುವ ಜನ ಅಲ್ಲ, ಅದಕ್ಕೇ ನಿನ್ನ ಹತ್ರ ಹೇಳುದು. ನೀನು ಆಗ್ಬಹುದು ಅಂದ್ರೆ ಕಳಿಸ್ತೇನೆ. ಬೇಡ ಅಂದ್ರೆ ಖಲಾಸ್, ಮತ್ತೆ ಆ ಮಾತಿಲ್ಲ.’

ನೀನು ಮೆಟ್ಟಿಲಲ್ಲಿ ಸಿಕ್ಕಿದೆ. ‘ಸ್ವಾತಿ ಅಕ್ಕ, ಉಪ್ಪ ನನ್ನ ಮಾರ್ಕ್ಸಿಗಿಂತ ಜಾಸ್ತಿ ನಿಮ್ಮನ್ನು ನಂಬ್ತಾರೆ. ಪ್ಲೀಸ್, ಬಾತ್‌ರೂಮಿನ ಬಾಗಿಲು ಸಹ ನೋಡಿ ಬನ್ನಿ.’

‘ಬಾಗಿಲು ಎಂತಕ್ಕೆ?’

‘ಉಮ್ಮ ಫಸ್ಟ್ ಕೇಳೋದು ಅದೇ. ಚಿಲಕ ಉಂಟಾ ಅಂತ.’

ನಾನು ನಕ್ಕೆ. ಪಟ್ಟಿ ಮಾಡಿಕೊಡು ಎಂದೆ. ನೀನು ಮಾಡಿಕೊಟ್ಟೆ — ಇಪ್ಪತ್ತೆರಡು ಪ್ರಶ್ನೆ, ಎಲ್ಲಕ್ಕೂ ನಂಬರ್ ಹಾಕಿ. ಕಲಿಸಿದ್ದು ವ್ಯರ್ಥವಾಗಲಿಲ್ಲ ಎಂದು ನನಗೆ ಹೆಮ್ಮೆ ಬೇರೆ.

ಗೆಳತಿಯರು ಮಾಸ್ಕೋದಿಂದ ನೇರ ಪೀಟರ್ಸ್‌ಬರ್ಗ್‌ಗೆ. ನಾನೊಬ್ಬಳೇ ನಡುವೆ ಇಳಿದು, ಸಂಜೆಯ ರೈಲಿಗೆ ಹೊರಡುವುದು. ನಡುವೆ ಏಳು ಗಂಟೆಗಳ ಬಿಡುವು, ಅದೂ ನಿನ್ನ ಕೆಲಸಕ್ಕಾಗಿಯೇ. ಶಾಲೆಯ ದಿನಗಳಲ್ಲಿ ನನ್ನ ಎದುರಾಳಿಯಾಗಿದ್ದವಳೊಬ್ಬಳ ತಂಗಿ, ಪುತ್ತೂರಿನ ರಕ್ಷಿತಾ, ಅದೇ ಕಾಲೇಜಿನಲ್ಲಿ ಮೂರನೆಯ ವರ್ಷ ಓದುತ್ತಿದ್ದಳು. ಮೊದಲೇ ಫೋನ್ ಮಾಡಿದ್ದೆ. ‘ಒಂದು ಗಂಟೆಯವರೆಗೆ ಪರೀಕ್ಷೆ ಉಂಟಕ್ಕ. ಎರಡಕ್ಕೆ ಹಾಸ್ಟೆಲ್ ಗೇಟಿನ ಹತ್ರ ನಿಂತಿರ್ತೇನೆ. ನಿಮಗೆ ಒಳಗೆ ಬರ್ಲಿಕ್ಕೆ ಪಾಸ್ ಮಾಡಿಸಿ ಇಟ್ಟಿದ್ದೇನೆ’ ಎಂದಿದ್ದಳು.

ಇಷ್ಟು ಸಿದ್ಧತೆ ಇತ್ತು. ಯಾರೂ ನನ್ನನ್ನು ಕೈಬಿಟ್ಟಿರಲಿಲ್ಲ, ನೋಡು.

ರೈಲಿಳಿದು ಹೊರಗೆ ಬಂದರೆ ಬೀದಿಯಲ್ಲಿ ಹತ್ತಿ ಹಾರುತ್ತಿತ್ತು. ಯಾರೋ ಇಡೀ ಪಟ್ಟಣದ ಹಾಸಿಗೆಗಳನ್ನೆಲ್ಲ ಹರಿದು ಊದಿಬಿಟ್ಟ ಹಾಗೆ — ಬಸ್ಸಿನ ಮೇಲೆ, ಹೆಂಗಸರ ಕೂದಲ ಮೇಲೆ, ಐಸ್‌ಕ್ರೀಂ ಡಬ್ಬದ ಗಾಜಿನ ಮೇಲೆ. ಅದು ಪಾಪ್ಲರ್ ಮರದ ಬೀಜದ ಅರಳೆಯಂತೆ, ಜೂನ್ ತಿಂಗಳಿಡೀ ಹೀಗೆಯೇ. ಮಸ್ಕತ್‌ನಲ್ಲಿ ಕಾರಿನ ಬಾಗಿಲ ಹಿಡಿಗೆ ಕೈ ಇಡಲಾಗದ ವಾರ ಅದು. ಇಲ್ಲಿ ನಾನು ತೋಳು ಚಾಚಿ ನಿಂತೆ, ಬಿಸಿಲು ಮೈಮೇಲೆ ಬಿದ್ದರೂ ಸುಡಲಿಲ್ಲ. ಬಿಸಿಲಿಗೆ ಇಂಥದ್ದೊಂದು ಸ್ವಭಾವ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಹತ್ತರಿಂದ ಎರಡರವರೆಗೆ ನಾಲ್ಕು ಗಂಟೆ ನನ್ನದೇ. ಮೊದಲು ಹೋದದ್ದು ವೋಲ್ಗಾ ನದಿಯ ದಂಡೆಗೆ, ಒಬ್ಬ ವ್ಯಾಪಾರಿಯ ಪ್ರತಿಮೆ ನೋಡಲು. ಐನೂರು ವರ್ಷಕ್ಕೂ ಹಿಂದೆ ಇದೇ ಊರಿನಿಂದ ಹೊರಟು, ಮಸ್ಕತ್ ದಾಟಿ, ಒಂದು ಕುದುರೆ ಹಿಡಿದುಕೊಂಡು ನಮ್ಮ ಬೀದರಿನವರೆಗೆ ಬಂದವನು. ಹತ್ತನೆಯ ತರಗತಿಯಲ್ಲಿ ವಲಸೆಯ ಬಗ್ಗೆ ನಡೆದ ಚರ್ಚೆಯಲ್ಲಿ ನಾನು ಅವನನ್ನು ಬಳಸಿಕೊಂಡು ಗೆದ್ದಿದ್ದೆ. ಈಗ ಅವನು ಎದುರಿಗಿದ್ದ. ಹಡಗಿನ ಮೂತಿಯಂಥ ಕಟ್ಟೆಯ ಮೇಲೆ, ಗಡ್ಡ ಬಿಟ್ಟುಕೊಂಡು, ನೀರಿನ ಕಡೆ ಮುಖಮಾಡಿ. ಅವನು ಇಲ್ಲಿಂದ ಮಸ್ಕತ್ ದಾಟಿ ಕರ್ನಾಟಕಕ್ಕೆ. ನಾನು ಕರ್ನಾಟಕದ ಮನೆಯವಳು, ಮಸ್ಕತ್‌ನಲ್ಲಿ ಹುಟ್ಟಿ, ಇಲ್ಲಿಗೆ. ದಂಡೆಯ ಮೇಲೆ ಒಬ್ಬಳೇ ನಿಂತು ನಗತೊಡಗಿದೆ. ಈಜುತ್ತಿದ್ದ ಹುಡುಗಿಯರು ನನ್ನ ಕಡೆ ಕೈಬೀಸಿದರು, ಕಾರಣ ಕೇಳದೆ.

ಮತ್ತೆ ಕಾಲು ನಿಲ್ಲಲಿಲ್ಲ. ಕಬ್ಬಿಣದ ಹಳೆಯ ಸೇತುವೆ, ಜರಿ ಕಸೂತಿಯಂತೆ. ಅದರಾಚೆ ಇನ್ನೊಂದು ನದಿ ಬಂದು ವೋಲ್ಗಾಕ್ಕೆ ಸೇರುವ ಜಾಗ. ನಡುವೆ ಒಂದು ಅರಮನೆ — ಎರಡು ರಾಜಧಾನಿಗಳ ನಡುವೆ ಓಡಾಡುವ ರಾಣಿ ದಾರಿಯಲ್ಲಿ ಸ್ವಲ್ಪ ದಣಿವಾರಿಸಿಕೊಳ್ಳಲೆಂದೇ ಕಟ್ಟಿಸಿದ್ದಂತೆ. ಬರೀ ನಡುದಾರಿಯಲ್ಲಿ ಇಳಿಯುವವರಿಗಾಗಿ ಒಂದು ಅರಮನೆ! ಅದರ ಮೆಟ್ಟಿಲ ಹತ್ತಿರ ನಿಂತಾಗ ನನ್ನ ಏಳು ಗಂಟೆಗಳಿಗೂ ರಾಜಗೌರವ ಬಂದ ಹಾಗಾಯಿತು. ಅಂಗಡಿಗಳಲ್ಲೆಲ್ಲ ಮಣ್ಣಿನ ಆಡು, ಮರದ ಆಡು, ಉಣ್ಣೆಯ ಆಡು — ಆಡು ಈ ಊರಿನ ಗುರುತಂತೆ. ಒಮಾನಿನ ನಿಜ್ವಾ ಪಟ್ಟಣದ ಶುಕ್ರವಾರದ ಆಡು ಸಂತೆಯ ಗದ್ದಲ ನೆನಪಾಗಿ, ಈ ಊರಿನವರಿಗೂ ನಮ್ಮ ಒಮಾನಿಗಳಿಗೂ ಒಂದು ದಿನ ಭೇಟಿ ಮಾಡಿಸಬೇಕು ಅನ್ನಿಸಿತು.

ಒಂದೂವರೆಗೆ ನಾನು ದೋಣಿಕಟ್ಟೆಯ ಹತ್ತಿರ ಇದ್ದೆ. ಪ್ರವಾಸಿಗರ ದೋಣಿಯೊಂದು ಹೊರಡುವುದರಲ್ಲಿತ್ತು. ಒಂದು ಗಂಟೆಯ ಸುತ್ತು. ಹತ್ತಿದರೆ ಎರಡೂವರೆಗೆ ದಂಡೆ, ಮೂರಕ್ಕೆ ಹಾಸ್ಟೆಲ್. ಒಂದು ಗಂಟೆ ತಡ, ಅಷ್ಟೇ ತಾನೆ — ಹೀಗೆ ಲೆಕ್ಕ ಹಾಕಿಕೊಂಡು ಹತ್ತಿದೆ. ರಕ್ಷಿತಾಗೆ ಒಂದು ಮೆಸೇಜ್ ಹಾಕಬಹುದಿತ್ತು. ಹಾಕಲಿಲ್ಲ. ಫೋನ್ ತೆಗೆದದ್ದು ಫೋಟೋಗೆ.

ದೋಣಿಯಲ್ಲಿ ನನ್ನ ಪಕ್ಕ ಗಲೀನಾ ಎಂಬ ಮುದುಕಿ ಕೂತರು. ನಿವೃತ್ತ ಭೂಗೋಳ ಟೀಚರ್. ನಾನು ಎಲ್ಲಿಂದ ಎಂದು ಕೇಳಿದರು. ಫೋನಿನ ಅನುವಾದಕ ಇಬ್ಬರ ನಡುವೆ ಓಡಾಡತೊಡಗಿತು. ಒಮಾನ್ ಎಂದೆ, ಅಲ್ಲೀಗ ನಲವತ್ತೇಳು ಡಿಗ್ರಿ ಎಂದೆ. ಅವರು ತಲೆಯಾಡಿಸಿದರು: ಸುಳ್ಳು. ಹವಾಮಾನದ ಪುಟ ತೆಗೆದು ತೋರಿಸಿದೆ. ಫೋನೂ ಸುಳ್ಳು ಹೇಳುತ್ತದೆ ಎಂದರು. ಶಹನಾ, ನನ್ನ ಜೀವಕ್ಕೆ ಎಷ್ಟು ಹಿತವಾಯಿತು ಗೊತ್ತಾ — ಇಷ್ಟು ದೂರ ಬಂದು ನನ್ನಂಥವಳೇ ಒಬ್ಬಳನ್ನು ಕಂಡೆ.

ಆಮೇಲೆ ಆ ವ್ಯಾಪಾರಿಯ ವಿಷಯಕ್ಕೆ ಬಿದ್ದೆವು. ಅವನಷ್ಟು ಧೈರ್ಯವಂತ ಇಲ್ಲ ಎಂದು ನಾನು. ಧೈರ್ಯವಲ್ಲ, ತಿಕ್ಕಲು ಎಂದು ಅವರು. ನಾನು ಬೀದರ್ ಎಂದೆ, ಮಸ್ಕತ್ ಎಂದೆ, ಆ ದಾರಿಯನ್ನೇ ನಾನು ಇಂದು ಹಿಂದಕ್ಕೆ ನಡೆದು ಬಂದಿದ್ದೇನೆ ಎಂದೆ. ದೋಣಿಯ ಇಂಜಿನ್ ಸದ್ದಿಗಿಂತ ಗಟ್ಟಿಯಾಗಿ ಕೂಗುತ್ತಿದ್ದೆವು. ಸುತ್ತಲಿನವರು ತಿರುಗಿ ಕೂತು ನಮ್ಮನ್ನೇ ನೋಡುತ್ತಿದ್ದರು. ಕೊನೆಗೆ ಅವರು ಫೋನಿಗೆ ನಿಧಾನವಾಗಿ ಒಂದು ಪ್ರಶ್ನೆ ಹೇಳಿದರು: ಅವನು ಮನೆಗೆ ಮರಳಿದನೇ?

ನನಗೆ ಗೊತ್ತಿರಲಿಲ್ಲ.

ಇಲ್ಲ, ದಾರಿಯಲ್ಲೇ ಸತ್ತ, ಈ ನದಿಯನ್ನು ಮತ್ತೆ ನೋಡಲಿಲ್ಲ ಎಂದರು. ‘ಹೋದದ್ದನ್ನು ಮಾತ್ರ ಓದಿಕೊಂಡು ವಾದ ಮಾಡುತ್ತೀಯಾ ಹುಡುಗಿ?’

ಇಷ್ಟು ಚೆಂದವಾಗಿ ನಾನು ಎಂದೂ ಸೋತಿರಲಿಲ್ಲ. ದೋಣಿ ದಂಡೆಗೆ ಬಂದಾಗ ಅವರು ನನ್ನ ತೋಳು ಹಿಡಿದು, ಮನೆ ಹತ್ತಿರವೇ, ಚಹಾ ಕುಡಿದು ಹೋಗು ಎಂದರು. ಹೋದೆ. ಬಿಳಿಯ ಹಳೆಯ ಚರ್ಚಿನ ಹಿಂದೆ ಮರದ ಮನೆಗಳ ಬೀದಿ, ಒಂದೊಂದು ಕಿಟಕಿಗೂ ಕೆತ್ತನೆಯ ನೀಲಿ ಚೌಕಟ್ಟು. ಚೆರ್ರಿ ಜಾಮು ಬಟ್ಟಲಲ್ಲಿ, ಚಮಚದಿಂದ ತಿನ್ನುತ್ತ ಚಹಾ ಕುಡಿಯುವುದು. ಅವರು ಹೇಳಿದರು — ನಿಮ್ಮ ದೇಶದ ಹುಡುಗಿಯರು ಇಲ್ಲಿ ತುಂಬ ಇದ್ದಾರೆ, ಡಾಕ್ಟರ್ ಓದುತ್ತಾರೆ, ಚಳಿಗಾಲದಲ್ಲಿ ಟೋಪಿ ಹಾಕದೆ ಓಡಾಡುತ್ತಾರೆ, ನಾನು ಬಸ್‌ಸ್ಟಾಪಿನಲ್ಲಿ ನಿಲ್ಲಿಸಿ ಬೈಯುತ್ತೇನೆ. ಒಬ್ಬಳಿಗೆ ನನ್ನ ಟೋಪಿಯನ್ನೇ ಕೊಟ್ಟೆ, ಇನ್ನೂ ಹಿಂದೆ ಕೊಟ್ಟಿಲ್ಲ.

ಈಗ ಹೇಳಬೇಕಾದ ಮಾತು. ಸಮಯದ ಅರಿವಿರಲಿಲ್ಲ ಎಂದು ನಾನು ಹೇಳಲಾರೆ. ಅರಿವಿತ್ತು. ಎರಡು ಹತ್ತಕ್ಕೆ ದೋಣಿಯಲ್ಲಿ ಗಡಿಯಾರ ನೋಡಿದೆ. ಮೂರಕ್ಕೆ ಆ ಬೀದಿಯಲ್ಲಿ ನೋಡಿದೆ. ಮೂರೂವರೆಗೆ ಎರಡನೆಯ ಲೋಟ ಚಹಾಕ್ಕೆ ‘ಸಾಕು’ ಎನ್ನದೆ ಕೈ ಚಾಚುವಾಗಲೂ ನೋಡಿದೆ. ಪ್ರತಿ ಸಲವೂ ನಿನ್ನ ಮುಖ ಬಂತು. ಪ್ರತಿ ಸಲವೂ — ಇನ್ನು ಹತ್ತು ನಿಮಿಷ. ಆ ಇಪ್ಪತ್ತೆರಡು ಪ್ರಶ್ನೆಯ ಕಾಗದ ನನ್ನ ಚೀಲದಲ್ಲೇ ಇತ್ತು, ಮಡಿಕೆ ಬಿಚ್ಚಲಿಲ್ಲ.

ನಾಲ್ಕೂವರೆಗೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ರಕ್ಷಿತಾಳ ಮೆಸೇಜುಗಳನ್ನು ಓದಿದೆ. ‘ಅಕ್ಕ, ಗೇಟಿನ ಹತ್ರ ಇದ್ದೇನೆ.’ ‘ಅಕ್ಕ, ನೀರುದೋಸೆ ಮಾಡಿದ್ದೇನೆ, ಇಲ್ಲಿಯ ಅಕ್ಕಿ ಸ್ವಲ್ಪ ಅಂಟು, ನಗಾಡ್ಬೇಡಿ.’ ‘ಅಕ್ಕ, ದಾರಿ ತಪ್ಪಿತಾ? ನಾನೇ ಬರ್ಲಾ?’ ಕೊನೆಯದು ನಾಲ್ಕು ಗಂಟೆಯದು. ಎರಡು ಗಂಟೆಯ ಕಾಲ ಅವಳು ಅಲ್ಲಿ ನಿಂತಿದ್ದಳು, ಪರೀಕ್ಷೆ ಬರೆದು ಬಂದವಳು.

ನಾನು ಬರೆದೆ: ‘ಟ್ರೈನ್ ತುಂಬ ಲೇಟಾಯ್ತು, ತ್ವೇರ್‌ನಲ್ಲಿ ಇಳಿಯಲಿಕ್ಕೇ ಆಗಲಿಲ್ಲ. ಸಾರಿ.’ ತ್ವೇರ್ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಫಲಕದ ಕೆಳಗೆ ಕೂತು ಬರೆದೆ.

‘ಪರವಾಗಿಲ್ಲಕ್ಕ. ಇನ್ನೊಂದ್ಸಲ ಬನ್ನಿ’ ಎಂದಳು.

ಆ ರೈಲಿನಲ್ಲೇ ಅವಳಿಗೆ ಫೋನ್ ಮಾಡಿ, ನಿಜ ಹೇಳಿ, ವಿಡಿಯೋದಲ್ಲಿ ಹಾಸ್ಟೆಲ್ ತೋರಿಸು ಎಂದು ಕೇಳಬಹುದಿತ್ತು. ಹದಿನೈದು ನಿಮಿಷದ ಕೆಲಸ. ನನ್ನ ಸೋಲು ಬೇರೆಯವರಿಗೆ ಕಾಣುವುದು ಬೇಡವಾಗಿತ್ತು, ಅಷ್ಟೇ. ಮಸ್ಕತ್‌ಗೆ ಬಂದ ಮೇಲೆ ನೀನು ರಕ್ಷಿತಾಳ ನಂಬರ್ ಕೇಳಿದೆ. ಕೊಡುತ್ತೇನೆ ಎಂದೆ. ನೀನು ಮೂರು ಸಲ ಕೇಳಿದೆ, ಮೂರು ಸಲವೂ ನಾನು ಕೊಡುತ್ತೇನೆ ಎಂದೆ.

ಮತ್ತೆ ಆ ಶುಕ್ರವಾರ. ನಿಮ್ಮ ಮನೆಯಲ್ಲಿ ಅಕ್ಕಿಯ ಪತ್ತಿರ್ ರೊಟ್ಟಿ, ಕೋಳಿಸಾರು. ನಾನು ಎರಡು ತುತ್ತು ತಿನ್ನುವುದರೊಳಗೆ ಹಮೀದಾಕ ಶುರುಮಾಡಿದರು.

‘ಹಾಸ್ಟೆಲಿಂದ ಕಾಲೇಜಿಗೆ ಎಷ್ಟು ದೂರ?’

ನನಗೆ ಗೊತ್ತಿರಲಿಲ್ಲ. ‘ದೂರ’ ಎಂದೆ.

‘ನಡೀಲಿಕ್ಕೆ ಆಗ್ತದಾ?’

‘ಚಳಿಗಾಲದಲ್ಲಿ ಕಷ್ಟ.’

‘ಜನ ಹೇಗೆ? ನಮ್ಮ ಮಕ್ಕಳನ್ನು ಕಂಡ್ರೆ ಆಗ್ತದಾ ಅವರಿಗೆ?’

ಗಲೀನಾರ ಅಡುಗೆಮನೆ ಕಣ್ಣಮುಂದೆ ಬಂತು. ಹೌದು ಎಂದರೆ — ಯಾರನ್ನು ನೋಡಿದೆ, ಎಲ್ಲಿ ನೋಡಿದೆ, ಎಷ್ಟು ಹೊತ್ತು ಇದ್ದೆ. ಒಂದು ದಾರ ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ‘ಅಷ್ಟಕ್ಕಷ್ಟೆ’ ಎಂದೆ.

ಆಗ ಹಮೀದಾಕ ಕೈ ತೊಳೆದುಕೊಂಡು ಬಂದು ನನ್ನ ಎದುರು ಕೂತರು. ‘ಸ್ವಾತಿ, ಸುತ್ತಿ ಬಳಸಿ ಬೇಡ. ನಿನ್ನ ತಂಗಿ ಆಗಿದ್ರೆ ಕಳಿಸ್ತಿದ್ಯಾ?’

ಆ ಒಂದೆರಡು ಕ್ಷಣದಲ್ಲಿ ನಾನು ಯೋಚಿಸಿದ್ದನ್ನೂ ಬರೆಯುತ್ತೇನೆ. ‘ಆಗಬಹುದು’ ಎಂದರೆ ಮುಂದಿನ ಆರು ವರ್ಷ ನಾನು ಉತ್ತರ ಕೊಡಬೇಕು — ಊಟ ಸರಿಯಿಲ್ಲ ಎಂದರೆ ನಾನು, ಚಳಿಗೆ ಜ್ವರ ಬಂದರೆ ನಾನು. ‘ಬೇಡ’ ಎಂದವರನ್ನು ಯಾರೂ ಮತ್ತೆ ಕೇಳುವುದಿಲ್ಲ. ಹೋಗದ ಜಾಗದಲ್ಲಿ ಏನಾಗುತ್ತಿತ್ತು ಎಂದು ಯಾರು ಪರೀಕ್ಷೆ ಮಾಡಲು ಸಾಧ್ಯ? ಚರ್ಚೆಯಲ್ಲಿ ನಾನೇ ನಿನಗೆ ಹೇಳಿಕೊಟ್ಟದ್ದು: ರುಜುವಾತು ಮಾಡುವ ಹೊರೆ ಪರ ಪಕ್ಷದ್ದು, ವಿರೋಧದವರು ಅಲುಗಾಡಿಸಿದರೆ ಸಾಕು. ಆ ದಿನ ಚೀಟಿ ಎತ್ತದೆಯೇ ಸುಲಭದ ಪಕ್ಷ ಆರಿಸಿಕೊಂಡೆ.

‘ಬೇಡ ಹಮೀದಾಕ. ನಾನೇ ಕಣ್ಣಾರೆ ನೋಡಿದೆ. ಹುಡುಗಿಯರಿಗೆ ಹೊಂದುವ ಜಾಗ ಅಲ್ಲ.’

ನೀನು ಅಡುಗೆಮನೆಯ ಬಾಗಿಲಲ್ಲಿ ಚಹಾದ ಟ್ರೇ ಹಿಡಿದು ನಿಂತಿದ್ದೆ. ನೀನು ವಾದಿಸುತ್ತೀ ಎಂದು ಕಾದೆ. ನಿನಗೆ ಕಲಿಸಿದ ಪ್ರಶ್ನೆಗಳಲ್ಲಿ ಒಂದನ್ನು ಕೇಳಿದ್ದರೂ ನಾನು ಸಿಕ್ಕಿಬೀಳುತ್ತಿದ್ದೆ. ಚಿಲಕ ಇತ್ತಾ ಎಂದು ಕೇಳಿದ್ದರೂ ಸಾಕಿತ್ತು. ನೀನು ಟ್ರೇಯನ್ನು ಮೇಜಿನ ಮೇಲಿಟ್ಟು, ನನ್ನ ಲೋಟವನ್ನು ನನ್ನ ಕಡೆ ಸರಿಸಿ, ‘ಥ್ಯಾಂಕ್ಸ್ ಅಕ್ಕ, ನಮಗಾಗಿ ಅಷ್ಟು ದೂರ ಹೋದ್ರಿ’ ಎಂದೆ. ಎಲ್ಲರನ್ನೂ ಪ್ರಶ್ನಿಸಲು ಕಲಿತವಳು ನನ್ನೊಬ್ಬಳನ್ನು ಪ್ರಶ್ನಿಸಲಿಲ್ಲ. ನೀನು ನನ್ನನ್ನು ಅಷ್ಟು ನಂಬಿದ್ದೆ.

ಗಡುವು ಮುಗಿಯಿತು. ವಿದೇಶದ ಮಾತನ್ನು ಹಮೀದಾಕ ಮತ್ತೆ ಎತ್ತಲಿಲ್ಲ — ಖಲಾಸ್ ಎಂದಿದ್ದರಲ್ಲ. ನೀನು ಗಡಿಯ ಊರು ಬುರೈಮಿಯಲ್ಲಿ ನಿನ್ನ ಸೋದರಮಾವನ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋದೆ, ಅಂಚೆಯ ಮೂಲಕ ಬಿ.ಕಾಂ. ಕಟ್ಟಿದೆ. ಯುದ್ಧ ನಡೆಯುತ್ತಿರುವ ದೇಶ, ಹೋಗದೇ ಇದ್ದದ್ದೇ ಒಳ್ಳೆಯದಾಯಿತು ಎಂದು ಯಾರಾದರೂ ನನ್ನ ಪರ ಹೇಳಬಹುದು. ನನಗೆ ನಾನೇ ಅದನ್ನು ಎಷ್ಟು ಸಲ ಹೇಳಿಕೊಂಡಿದ್ದೇನೆ. ಆದರೆ ಆ ದಿನ ನನ್ನ ಬಾಯಲ್ಲಿ ಯುದ್ಧದ ಹೆಸರೇ ಬರಲಿಲ್ಲ. ಸರಿಯಾದ ಉತ್ತರ ಆಕಸ್ಮಿಕವಾಗಿ ಬಂದಿದ್ದರೂ, ಪರೀಕ್ಷೆ ಮಾಡದೆ ‘ಪಾಸ್’ ಬರೆದ ಪೈಪ್ ಸೋರದೇ ಇದ್ದರೂ, ಸಹಿ ಸುಳ್ಳೇ.

ಹೀಗೆಯೇ ಇದ್ದುಬಿಡುತ್ತಿದ್ದೆನೋ ಏನೋ. ಕಳೆದ ಶುಕ್ರವಾರ ನಮ್ಮ ಮನೆಗೆ ಬಂಟ್ವಾಳದ ಒಬ್ಬರು ಬಂದರು. ರುಸೈಲ್‌ನಲ್ಲೇ ಬೇರೆ ಕಾರ್ಖಾನೆಯ ಸೂಪರ್‌ವೈಸರ್. ಜತೆಗೆ ಮಗಳು, ಹದಿನೆಂಟು ಆಗಿರಬಹುದು.

‘ಹಮೀದಾಕ ಕಳಿಸಿದ್ರು’ ಎಂದರು. ‘ಆ ಊರಿನ ಕಾಲೇಜು ನೀವು ಕಣ್ಣಾರೆ ನೋಡಿದ್ದೀರಂತೆ. ಈ ವಾದಿ ಅದಾಯ್‌ನಲ್ಲಿ ನಿಮ್ಮದೇ ಲಾಸ್ಟ್ ಮಾತು ಅಂದ್ರು. ಆಗ್ಬಹುದಾ, ಬೇಡ್ವಾ?’

ಹುಡುಗಿ ಅಪ್ಪನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ನನ್ನ ಸುಳ್ಳು ಎರಡು ವರ್ಷದಿಂದ ಸುಮ್ಮನೆ ಬಿದ್ದಿರಲಿಲ್ಲ. ನಿನ್ನ ಅಪ್ಪನ ಒಳ್ಳೆಯತನದ ಮೇಲೇರಿ ಅಂಗಡಿಯಿಂದ ಅಂಗಡಿಗೆ ಓಡಾಡುತ್ತಿತ್ತು.

‘ನಾನು ನೋಡಿಲ್ಲ’ ಎಂದೆ. ‘ನೋಡಿದೆ ಅಂದದ್ದು ಸುಳ್ಳು.’

ಆ ಮನುಷ್ಯ ನೀರಿನ ಲೋಟ ಎತ್ತಿಕೊಂಡರು. ನನ್ನ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. ಮೊದಲು ನಿನ್ನ ಕಿವಿಗೆ ಬೀಳಬೇಕಾಗಿದ್ದ ಈ ಮಾತು ಹೆಸರೂ ಗೊತ್ತಿಲ್ಲದ ಹುಡುಗಿಯ ಕಿವಿಗೆ ಬಿತ್ತು. ಅದಕ್ಕೂ ಕ್ಷಮೆ ಕೇಳುತ್ತೇನೆ.

ನಿನ್ನೆ ಹಮೀದಾಕರ ಅಂಗಡಿಗೆ ಹೋದೆ. ಒಂದು ಕಾರಿನ ಹಿಂದಿನ ಸೀಟಿಗೆ ಹೊದಿಕೆ ಎಳೆದು ಕೂರಿಸುತ್ತಿದ್ದರು. ನಿಂತಲ್ಲೇ ಹೇಳಿದೆ. ಅವರ ಕೈ ನಿಂತಿತು.

‘ಗೇಟಿಗೂ ಹೋಗ್ಲಿಲ್ವಾ?’

‘ಇಲ್ಲ.’

‘ಮತ್ತೆ ಅಷ್ಟು ಹೊತ್ತು ಎಂತ ಮಾಡಿದ್ದು?’

ಹೇಳಿದೆ. ನದಿ, ಸೇತುವೆ, ದೋಣಿ, ಟೀಚರ್, ಅವರ ಬೈಗುಳ, ಜಾಮು. ಹೇಳುತ್ತ ಹೇಳುತ್ತ — ನಾಚಿಕೆಯಾಗುತ್ತದೆ — ನನ್ನ ದನಿಗೆ ಆ ದಿನದ ಉಲ್ಲಾಸವೇ ಮತ್ತೆ ಬಂತು, ತಡೆಯಲಾಗಲಿಲ್ಲ. ಅವರು ಪೂರ್ತಿ ಕೇಳಿದರು.

‘ಗೊತ್ತಿಲ್ಲದ ನಿನ್ನನ್ನು ಮನೆಗೆ ಕರ್ಕೊಂಡು ಹೋಗಿ ಚಾ ಕೊಟ್ರಾ ಆ ಟೀಚರ್?’

‘ಹೌದು.’

‘ಅಷ್ಟು ಹೇಳಿದ್ರೆ ಸಾಕಿತ್ತು ನನಗೆ.’ ನನ್ನ ಕಡೆ ತಿರುಗಿದರು. ‘ದೂರ ಎಷ್ಟು, ಬಾಗಿಲು ಹೇಗೆ ಅಂತ ಬಾಯಲ್ಲಿ ಕೇಳಿದ್ದು ಮಾರಾಯ್ತಿ. ನನಗೆ ಬೇಕಾದದ್ದು, ಆ ಊರಲ್ಲಿ ಒಂದು ಹುಡುಗಿಯನ್ನು ಯಾರಾದ್ರೂ ವಿಚಾರಿಸಿಕೊಳ್ತಾರಾ ಅಂತ. ಅದು ನಿನಗೆ ಗೊತ್ತಿತ್ತು.’

ಗೊತ್ತಿತ್ತು, ಶಹನಾ. ನನ್ನ ಹತ್ತಿರ ಇದ್ದ ಒಂದೇ ಒಂದು ನಿಜವಾದ ಪುರಾವೆ ಅದು. ಅದನ್ನು ಬಚ್ಚಿಟ್ಟು, ಇಲ್ಲದ್ದನ್ನು ಮುಂದಿಟ್ಟೆ.

‘ಅವಳಿಗೆ ನೀನೇ ಹೇಳು. ನನ್ನಿಂದ ಆಗ್ಲಿಕ್ಕಿಲ್ಲ’ ಎಂದು ಮತ್ತೆ ಕೆಲಸಕ್ಕೆ ಬಗ್ಗಿದರು. ಕೂತುಕೋ ಎನ್ನಲಿಲ್ಲ. ಆ ಅಂಗಡಿಯಿಂದ ಚಹಾ ಕುಡಿಯದೆ ನಾನು ಹೊರಬಂದದ್ದು ಅದೇ ಮೊದಲು.

ಇದನ್ನು ಇವತ್ತೇ ನಿನಗೆ ಕಳಿಸುತ್ತೇನೆ. ಶುಕ್ರವಾರ ಬೆಳಿಗ್ಗೆಯ ಬಸ್ಸಿಗೆ ಬುರೈಮಿಗೆ ಹೊರಡುತ್ತೇನೆ. ನೀನು ನನ್ನನ್ನು ನೋಡಲೇಬೇಕೆಂದಿಲ್ಲ. ಈಗಲೂ ಅರ್ಜಿ ಹಾಕಬಹುದು, ಇನ್ನೂ ತಡವಾಗಿಲ್ಲ ಎಂದು ಹೇಳಿ ನನ್ನ ತಪ್ಪನ್ನು ಸಣ್ಣದು ಮಾಡಿಕೊಳ್ಳುವುದಿಲ್ಲ. ತಡವಾಗಿದೆಯೋ ಇಲ್ಲವೋ ನನಗೆ ತಿಳಿಯದು, ಮತ್ತು ಅದನ್ನು ತೀರ್ಮಾನಿಸುವವಳು ನಾನಲ್ಲ. ನಿನ್ನ ಎರಡು ವರ್ಷವನ್ನು ನಾನು ಕಳೆದುಬಿಟ್ಟೆ. ಅದನ್ನು ಹಿಂದಿರುಗಿಸಲು ಬರುತ್ತಿಲ್ಲ. ನೀನು ಎದುರು ಕೂತು ಏನು ಕೇಳಿದರೂ, ಗೊತ್ತಿದ್ದರೆ ಗೊತ್ತು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳಲು ಬರುತ್ತಿದ್ದೇನೆ.